ಕಥೆ ಬರೆಯೋದು ಕಲೀಬೇಕು ಅನ್ನೋ ನಮ್ಮ ಕಡೆಯೋರಿಗೆ

ಕಥೆ ಬರೀಬೇಕು ಅಂತ ಆಸೆ ಇರೋ ಹುಡುಗ್ರು ಹುಡುಗೀರು ನನಗೆ ಆಗಾಗ ಸಿಕ್ತಾನೇ ಇರ್ತಾರೆ, ಶಿಡ್ಲಘಟ್ಟದೋರು, ಚಿಂತಾಮಣಿಯೋರು, ಬಾಗೇಪಲ್ಲಿಯೋರು, ಆ ಕಡೆ ಮಾಲೂರು ಮುಳಬಾಗಿಲಿನೋರು. ಎಲ್ಲರೂ ಮೊದಲು ಹೇಳೋದು ಒಂದೇ ಮಾತು, "ಅಣ್ಣಾ, ನಮ್ಮ ಕನ್ನಡ ಅಷ್ಟು ಚೆನ್ನಾಗಿಲ್ಲ." ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೇಲಿ ಎರಡೂ ಬೆರೆಸಿ ಮಾತಾಡೋದು, ಹಿಂಗಿರುವಾಗ ನಾವೆಲ್ಲಿ ಕಥೆ ಬರೆಯೋದು ಅನ್ನೋ ಅಳುಕು. ಈ ಅಳುಕು ನನಗೂ ಇತ್ತು, ಏಳೆಂಟು ವರ್ಷ ಇತ್ತು. ಅದಕ್ಕೇ ಇದನ್ನ ಮೊದಲು ಹೇಳ್ಬಿಡ್ತೀನಿ. ಮಾಸ್ತಿ ಹುಟ್ಟಿದ್ದು ಇದೇ ಕೋಲಾರ ಜಿಲ್ಲೆ ಮಾಲೂರು ತಾಲೂಕಲ್ಲಿ, 1891ರಲ್ಲಿ, ಅವರ ಮನೆಮಾತು ತಮಿಳು. ಬೇಂದ್ರೆ ಮನೆಮಾತು ಮರಾಠಿ. ಇಬ್ಬರಿಗೂ ಜ್ಞಾನಪೀಠ ಬಂದಿದ್ದು ಕನ್ನಡಕ್ಕೆ. ಮನೇಲಿ ಇನ್ನೊಂದು ಭಾಷೆ ಇದ್ರೆ ಕಿವಿ ಇನ್ನೂ ಚುರುಕಾಗಿರುತ್ತೆ, ಯಾಕಂದ್ರೆ ಯಾರ ಹತ್ರ ಯಾವ ಮಾತು ಆಡ್ಬೇಕು ಅಂತ ನಾವು ಚಿಕ್ಕಂದಿನಿಂದಲೇ ಲೆಕ್ಕ ಹಾಕ್ಕೊಂಡು ಬೆಳೆದಿರ್ತೀವಿ. ಕಥೆಗಾರನಿಗೆ ಬೇಕಾಗಿರೋದು ಅದೇ ಲೆಕ್ಕ.

ಕೆಳಗೆ ಬರೆದಿರೋದೆಲ್ಲ ನಾನು ನನ್ನ ಒಂದು ಕಥೇನ ಐದು ಸಲ ತಿದ್ದಿ ತಿದ್ದಿ ಕಲಿತಿದ್ದು, ಅದೇ ಕಥೇನ ಉದಾಹರಣೆ ಇಟ್ಕೊಂಡು ಹೇಳ್ತೀನಿ.

ಮೊದಲನೇ ಕೆಲಸ ಕೇಳೋದು

ಒಂದು ಚಿಕ್ಕ ನೋಟ್‌ಬುಕ್ ತಗೊಳ್ಳಿ, ಜೇಬಲ್ಲಿ ಹಿಡಿಯೋವಂಥದ್ದು. ಹದಿನೈದು ದಿನ ಕಥೆ ಬರೀಬೇಡಿ. ದಿನಕ್ಕೆ ಮೂರು ಮಾತು ಬರ್ಕೊಳ್ಳಿ, ಬೇರೆಯೋರು ಆಡಿದ ಮಾತು, ಆಡಿದ ಹಂಗೇ. ಬಸ್ಸಲ್ಲಿ, ಹಾಲಿನ ಡೇರಿ ಹತ್ರ, ಆಸ್ಪತ್ರೆ ಕ್ಯೂನಲ್ಲಿ, ಎಪಿಎಂಸೀಲಿ ಟೊಮ್ಯಾಟೊ ಕ್ರೇಟ್ ಇಳಿಸೋವಾಗ. ನಿಮ್ಮ ಅಭಿಪ್ರಾಯ ಬರೀಬೇಡಿ, ಮಾತು ಮತ್ತೆ ಆ ಟೈಮಲ್ಲಿ ಅವರ ಕೈ ಏನು ಮಾಡ್ತಿತ್ತು, ಇಷ್ಟೇ. ನನ್ನ ನೋಟ್‌ಬುಕ್‌ನಲ್ಲಿ ಒಂದು ಕಡೆ ಹಿಂಗಿದೆ, "ಬೋರ್‌ವೆಲ್ ಎಷ್ಟು ಅಡಿ ಹೋಯ್ತು ಅಂತ ಕೇಳಿದ್ದಕ್ಕೆ ಆಯಪ್ಪ ಅಡಿ ಹೇಳ್ಲಿಲ್ಲ, ಎರಡು ಹಸ ಹೋಯ್ತು ಅಂದ. ಟವಲ್ ಮಡಚ್ತಾ ಇದ್ದ." ಇಂಥದ್ದು ಮನೇಲಿ ಕೂತು ಯೋಚ್ನೆ ಮಾಡಿದ್ರೆ ಹೊಳೆಯೋದಿಲ್ಲ.

ಹದಿನೈದು ದಿನ ಆದ್ಮೇಲೆ ಓದಿ ನೋಡಿ, ಜನ ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡೋದು ಎಷ್ಟು ಕಮ್ಮಿ ಅಂತ ಗೊತ್ತಾಗುತ್ತೆ. ಊಟ ಆಯ್ತಾ ಅಂದ್ರೆ ಯಾಕೆ ಲೇಟು ಅಂತ ಅರ್ಥ, ಮಳೆ ಬರೋ ಹಂಗಿದೆ ಅಂದ್ರೆ ಇನ್ನು ಹೊರಡು ಅಂತ ಅರ್ಥ. ಸಂಭಾಷಣೆ ಬರೆಯೋ ಪಾಠ ಅರ್ಧ ಇಲ್ಲೇ ಮುಗೀತು.

ಎರಡನೇದು, ಒಬ್ಬರು, ಒಂದು ಬೇಡಿಕೆ, ಒಂದು ಗಡುವು

ಶುರುವಲ್ಲೇ ಕಾದಂಬರಿ ಹಿಡೀಬೇಡಿ. ಮೂರು ತಲೆಮಾರಿನ ಕಥೆ, ಇಡೀ ಊರಿನ ಕಥೆ ಅಂತ ಹೊರಟು ನಲವತ್ತು ಪುಟಕ್ಕೆ ಕೈಬಿಟ್ಟೋರನ್ನ ನಾನು ತುಂಬಾ ನೋಡಿದ್ದೀನಿ, ಅದರಲ್ಲಿ ನಿಜವಾಗ್ಲೂ ಚೆನ್ನಾಗಿ ಬರೆಯೋರು ಇದ್ರು, ಅದೇ ಬೇಜಾರು. ಸಣ್ಣ ಕಥೆ ಬರೀರಿ, ಸುಮಾರು ಒಂದೂವರೆ ಸಾವಿರದಿಂದ ಎರಡು ಸಾವಿರ ಪದ. ಮುಗಿಸೋದು ಹೆಂಗೆ ಅಂತ ಕಲಿಯೋದು ಮುಗಿಸಿದಾಗ ಮಾತ್ರ, ಅರ್ಧಂಬರ್ಧ ಹತ್ತು ಇಟ್ಕೊಂಡ್ರೆ ಶುರು ಮಾಡೋದು ಮಾತ್ರ ಚೆನ್ನಾಗಿ ಬರುತ್ತೆ.

ಈಗ ನನ್ನ ಕಥೆಗೆ ಬರ್ತೀನಿ. ನಮ್ದು ರೇಷ್ಮೆ ಮನೆ. ಹುಳ ಸಾಕಿದೋರಿಗೆ ಗೊತ್ತು, ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತೆ, ಅಂದ್ರೆ ತಲೆ ಎತ್ಕೊಂಡು ಅಲ್ಲಾಡದೆ ಇದ್ದು ಮೈಚರ್ಮ ಕಳಚೋದು, ಆಗ ಸೊಪ್ಪು ಮುಟ್ಟಲ್ಲ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಶುರು ಆಗುತ್ತೆ ನೋಡಿ ಹಸಿವು, ಹುಳ ಹುಟ್ಟಿದಾಗಿಂದ ಗೂಡು ಕಟ್ಟೋವರ್ಗೂ ತಿನ್ನೋ ಸೊಪ್ಪಲ್ಲಿ ಶೇಕಡ 80ರಷ್ಟು ಈ ಕೊನೇ ಏಳೆಂಟು ದಿನದಲ್ಲೇ ಹೋಗುತ್ತೆ. ಆ ಟೈಮಲ್ಲಿ ಸೊಪ್ಪು ಸಾಲದೆ ಬಂತು ಅಂದ್ರೆ ನಾಳೆ ನೋಡೋಣ ಅನ್ನೋ ಹಂಗಿಲ್ಲ, ಇವತ್ತು ರಾತ್ರಿನೇ ತರಬೇಕು.

ನನ್ನ ಕಥೆ ಇಷ್ಟೇ. ಮುನಿರತ್ನಮ್ಮ ಅಂತ ಒಬ್ಬಳು, ಗಂಡ ಊರಲ್ಲಿಲ್ಲ, 100 ಮೊಟ್ಟೆ ಹುಳ (ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು) ನಾಲ್ಕನೇ ಜ್ವರದಿಂದ ಎದ್ದಿದೆ, ತೋಟದಲ್ಲಿ ಸೊಪ್ಪು ಮುಗಿದಿದೆ. ಪಕ್ಕದ ತೋಟ ಭಾವಂದು, ಅಲ್ಲಿ ಸೊಪ್ಪು ತುಂಬಿ ನಿಂತಿದೆ. ಭಾಗ ಆದಾಗಿಂದ ಎರಡು ಮನೆಗೂ ಮಾತಿಲ್ಲ. ಹುಳ ಕಾಯಲ್ಲ, ಇವಳು ಕೇಳಲ್ಲ.

ಹಿಂಗೆ ಒಂದು ಗಡುವು ಸಿಕ್ಕಿದ್ರೆ ಕಥೆ ತಾನಾಗೇ ನಡೆಯುತ್ತೆ, ನೀವು ತಳ್ಳಬೇಕಾಗಿಲ್ಲ. ನಿಮ್ಮ ಮನೆ ಕಸುಬಲ್ಲಿ ಇಂಥ ಗಡುವು ಏನಿದೆ ಹುಡುಕಿ. ಶ್ರೀನಿವಾಸಪುರದೋರಾದ್ರೆ ಮಾವಿನ ಹಣ್ಣು ಮಾಗೋದು ಗಡುವು. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಹೋಗಿ ಬರೋರಿಗೆ ಆ ರೈಲೇ ಗಡುವು, ತಪ್ಪಿದ್ರೆ ಅರ್ಧ ದಿನದ ಸಂಬಳ. ಕೆಜಿಎಫ್‌ನೋರಿಗೆ 2001ರಲ್ಲಿ ಗಣಿ ಮುಚ್ಚಿದ್ದು ಇದೆ, ಆದ್ರೆ ಗಣಿ ಮುಚ್ಚಿದ್ದನ್ನೇ ಕಥೆ ಮಾಡೋಕೆ ಹೋಗ್ಬೇಡಿ, ಅದು ತುಂಬಾ ದೊಡ್ಡದು. ಗಣಿ ಮುಚ್ಚೋ ಹಿಂದಿನ ದಿನ ಒಬ್ಬರ ಮನೇಲಿ ಯಾವುದೋ ಒಂದು ಕಂತು ಕಟ್ಟೋದಿತ್ತು ಅನ್ನಿ, ಅಲ್ಲಿಂದ ಹಿಡೀರಿ.

ಮೂರನೇದು, ಕೊನೇವರ್ಗೂ ಒಂದೇ ಉಸಿರಲ್ಲಿ

ಮೊದಲ ಡ್ರಾಫ್ಟು ಮೂರು ನಾಲ್ಕು ಸಲ ಕೂತು ಮುಗಿಸಿ. ಹಿಂದೆ ಹೋಗಿ ತಿದ್ದಬೇಡಿ. ಹೆಸರು ಹೊಳೀಲಿಲ್ಲ ಅಂದ್ರೆ ಗೀಟು ಎಳೆದು ಮುಂದೆ ಹೋಗಿ. ಪೆನ್ನಲ್ಲಿ ಬರೆದ್ರೂ ಸರಿ, ಫೋನಲ್ಲಿ ಟೈಪ್ ಮಾಡಿದ್ರೂ ಸರಿ. ಟೈಪ್ ಮಾಡೋಕೆ ನಿಧಾನ ಆಗುತ್ತೆ ಅನ್ನೋರು ವಾಯ್ಸ್ ಟೈಪಿಂಗ್ ಇಟ್ಕೊಂಡು ಹೇಳ್ಕೊಂಡು ಹೋಗ್ಬೋದು, ತಪ್ಪು ಬರುತ್ತೆ, ಆಮೇಲೆ ಸರಿ ಮಾಡ್ಕೊಂಡ್ರಾಯ್ತು. ದಿನಾ ಬರೆದಿದ್ದನ್ನ ನಿಮ್ಮ ಮೇಲ್‌ಗೇ ಒಂದು ಕಳಿಸ್ಕೊಳ್ಳಿ, ನನ್ನ ಎರಡು ಕಥೆ ಒಡೆದ ಫೋನ್ ಜೊತೆ ಹೋಯ್ತು, ಮತ್ತೆ ಬರೆಯೋಕೆ ಕೂತ್ರೆ ಆ ಮೊದಲನೇ ಬಿಸಿ ಬರಲೇ ಇಲ್ಲ.

ಟೈಮ್ ಇಲ್ಲ ಅನ್ನೋರಿಗೆ ಒಂದು ಮಾತು, ಮಾಸ್ತಿ ವರ್ಷಗಟ್ಟಲೆ ಸರ್ಕಾರಿ ಅಧಿಕಾರಿಯಾಗಿ ಕೆಲಸ ಮಾಡ್ಕೊಂಡೇ ಬರೆದೋರು. ದಿನಕ್ಕೆ ನಲವತ್ತು ನಿಮಿಷ ಸಿಕ್ಕಿದ್ರೆ ಸಾಕು, ಆದ್ರೆ ದಿನಾ ಅದೇ ಟೈಮ್ ಇರ್ಲಿ.

ನಾಲ್ಕನೇದು, ತಿದ್ದೋದು (ಇದೇ ಜಾಸ್ತಿ ಕೆಲಸ)

ಡ್ರಾಫ್ಟ್ ಮುಗಿದ ಮೇಲೆ ಹತ್ತು ದಿನ ಮುಟ್ಟಬೇಡಿ. ಆಮೇಲೆ ತೆಗೆದು ನೋಡಿ. ನನ್ನ ಮೊದಲ ಡ್ರಾಫ್ಟಲ್ಲಿ ಮುಖ್ಯ ಸನ್ನಿವೇಶ, ಅಂದ್ರೆ ಮುನಿರತ್ನಮ್ಮ ಓರಗಿತ್ತಿ ಮನೆಗೆ ಹೋಗೋದು, ಹಿಂಗಿತ್ತು:

"ಮುನಿರತ್ನಮ್ಮ ಅತೀವ ಸಂಕಟದಿಂದ ಓರಗಿತ್ತಿಯ ಮನೆಯ ಬಾಗಿಲಲ್ಲಿ ನಿಂತಳು. ತನ್ನ ಸ್ವಾಭಿಮಾನವನ್ನೆಲ್ಲ ಬದಿಗೊತ್ತಿ, 'ಅಕ್ಕಾ, ನಮ್ಮ ಹುಳುಗಳಿಗೆ ಸೊಪ್ಪಿಲ್ಲ. ಹಳೆಯ ದ್ವೇಷವನ್ನು ಮರೆತು ದಯವಿಟ್ಟು ಸಹಾಯ ಮಾಡಿ' ಎಂದು ಗದ್ಗದಿತಳಾಗಿ ನುಡಿದಳು. ಸರೋಜಮ್ಮನ ಕಣ್ಣುಗಳು ತೇವಗೊಂಡವು."

ಬರೆದಾಗ ತುಂಬಾ ಚೆನ್ನಾಗಿದೆ ಅನ್ನಿಸಿತ್ತು. ಹತ್ತು ದಿನ ಬಿಟ್ಟು ಗಟ್ಟಿಯಾಗಿ ಓದಿದಾಗ, ನಮ್ಮೂರಲ್ಲಿ ಯಾರೂ ಹಿಂಗೆ ಮಾತಾಡಲ್ಲ ಅಂತ ಕಿವಿ ಹೇಳ್ತು. ಮಾತಿಲ್ಲದ ಮನೆಗೆ ಹೋದ ಹೆಂಗಸು ಸೊಪ್ಪು ಕೊಡಿ ಅಂತ ಬಾಯಿಬಿಟ್ಟು ಕೇಳೋದೇ ಇಲ್ಲ, ಮುಂಬಾಗಿಲಿಗೂ ಹೋಗಲ್ಲ. ಇನ್ನೊಂದು, ಸಂಕಟ, ಸ್ವಾಭಿಮಾನ, ದ್ವೇಷ, ಗದ್ಗದ ಎಲ್ಲಾ ನಾನೇ ಹೇಳ್ಬಿಟ್ಟಿದ್ದೀನಿ, ಓದೋರಿಗೆ ಮಾಡೋಕೆ ಏನೂ ಉಳಿಸಿಲ್ಲ. ನಾಲ್ಕನೇ ಸಲ ಬರೆದಾಗ ಬಂದಿದ್ದು ಇದು:

ಹಿತ್ತಲ ಬಾಗಿಲು ಅರ್ಧ ತೆಗೆದಿತ್ತು. ಸರೋಜಮ್ಮ ಪಾತ್ರೆ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ.
"ಹಸ ಕರ ಹಾಕ್ತಂತಲ್ಲಕ್ಕ" ಅಂದಳು ಮುನಿರತ್ನಮ್ಮ.
"ಹೂಂ, ಮೊನ್ನೆ. ಹೆಣ್ಗರ."
"ಗಿಣ್ಣು ಹಂಚಿದ್ರಂತೆ ಬೀದಿಗೆಲ್ಲ."
ಸರೋಜಮ್ಮ ತಿಕ್ಕಿಟ್ಟ ತಪ್ಪಲೆಯನ್ನೇ ತಗೊಂಡು ಇನ್ನೊಂದು ಸಲ ತಿಕ್ಕಿದಳು.
"ಯಾವ ಜ್ವರದಾಗವೆ?"
"ನಾಲ್ಕು ಎದ್ದವೆ. ಬೆಳಗ್ಗೆ."
"ನೂರು ಮೊಟ್ಟೇನಾ?"
"ನೂರು."
ಸರೋಜಮ್ಮ ಪಾತ್ರೆ ನೀರು ಗಿಡದ ಬುಡಕ್ಕೆ ಚೆಲ್ಲಿದಳು. ಸೊಪ್ಪಿನ ಮಾತು ಇಬ್ಬರೂ ಎತ್ತಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಿಣ್ಣು ಬೀದಿಗೆಲ್ಲ ಹಂಚಿ ಪಕ್ಕದ ಮನೆಗೆ ಕೊಟ್ಟಿಲ್ಲ ಅಂದ್ರೆ ಎಷ್ಟು ಮುನಿಸು ಅಂತ ನಮ್ಮೋರಿಗೆ ವಿವರಿಸ್ಬೇಕಾ? ತೊಳೆದ ತಪ್ಪಲೇನ ಮತ್ತೆ ತಿಕ್ಕಿದಳು ಅಂದ್ರೆ ಆ ಮಾತು ಚುಚ್ತು ಅಂತ ಗೊತ್ತಾಗುತ್ತೆ. "ಯಾವ ಜ್ವರ" ಅಂತ ಅವಳಾಗೇ ಕೇಳಿದ ತಕ್ಷಣ ಇವಳು ಬಂದಿದ್ದು ಯಾಕೆ ಅಂತ ಅವಳಿಗೆ ತಿಳೀತು, ಓದೋರಿಗೂ ತಿಳೀತು. ಭಾವನೆ ಹೆಸರು ಒಂದೂ ಇಲ್ಲ.

ಹಂಗಾಗಿ ತಿದ್ದುವಾಗ ಪೆನ್ಸಿಲ್ ಹಿಡ್ಕೊಂಡು ದುಃಖ, ಸಂತೋಷ, ಕೋಪ, ನೋವು, ಹೆಮ್ಮೆ ಅನ್ನೋ ಪದಗಳಿಗೆಲ್ಲ ಗೀಟು ಹಾಕಿ. ಎಲ್ಲಾ ತೆಗೆದುಹಾಕಿ ಅಂತಲ್ಲ, ಒಂದೊಂದರ ಹತ್ರಾನೂ ನಿಂತು, ಈ ಹೊತ್ತಲ್ಲಿ ಅವಳ ಕೈಲಿ ಏನಿದೆ, ಕಣ್ಣು ಎಲ್ಲಿದೆ, ಏನು ಮಾತಾಡಿ ಏನು ನುಂಗ್ತಾಳೆ ಅಂತ ಕೇಳ್ಕೊಳ್ಳಿ. ಹತ್ತರಲ್ಲಿ ಏಳಕ್ಕೆ ಉತ್ತರ ಸಿಗುತ್ತೆ, ಆ ಏಳು ಪದ ಹೋಗುತ್ತೆ. ಇನ್ನು ಮೂರು ಇದ್ರೆ ಇರ್ಲಿ.

ಅಂದಳು, ಅಂದ, ಕೇಳಿದಳು, ಇಷ್ಟು ಸಾಕು. ಉದ್ಗರಿಸಿದಳು, ಗುಡುಗಿದನು, ಉಸುರಿದಳು ಇವೆಲ್ಲ ಬೇಡ, ಮಾತೇ ಗುಡುಗ್ಬೇಕು.

ಹೋಲಿಕೆಗಳನ್ನ ಒಂದ್ಸಲ ನೋಡ್ಕೊಳ್ಳಿ. ಹುಳ ಸೊಪ್ಪು ತಿನ್ನೋ ಸದ್ದು ಮಳೆ ಬಂದಂಗೆ ಅಂತ ಎಲ್ಲರೂ ಬರೀತಾರೆ, ನಾನೂ ಬರೆದಿದ್ದೆ. ಅದು ಸುಳ್ಳಲ್ಲ, ಆದ್ರೆ ಎಲ್ಲರ ಬಾಯಲ್ಲೂ ಸವೆದಿದೆ. ಒಂದು ರಾತ್ರಿ ಹುಳದ ಮನೇಲಿ ಕೂತು ಯೋಚ್ನೆ ಮಾಡಿದಾಗ ನೆನಪಾಯ್ತು, ಅಮ್ಮ ಆ ಸದ್ದಿಗೆ ಯಾವತ್ತೂ ಎಚ್ಚರ ಆಗಿದ್ದಿಲ್ಲ, ಸದ್ದು ನಿಂತಾಗ ಎಚ್ಚರ ಆಗ್ತಾ ಇದ್ದಳು. ಸೊಪ್ಪು ಮುಗಿದಾಗ ಮನೆ ಮೌನ ಆಗುತ್ತೆ, ಆ ಮೌನಕ್ಕೆ ಎದ್ದು ಲೈಟ್ ಹಾಕ್ತಾ ಇದ್ದಳು. ಅದು ಕಥೆಗೆ ಬಂತು, ಮಳೆ ಹೋಯ್ತು. ನಿಮ್ಮ ಕಸುಬಲ್ಲಿ ಒಳಗಿದ್ದೋರಿಗೆ ಮಾತ್ರ ಗೊತ್ತಿರೋ ಇಂಥದ್ದು ಒಂದಾದ್ರೂ ಇದ್ದೇ ಇರುತ್ತೆ.

ತೆಲುಗು ಬರೆಯೋದಾ ಬೇಡ್ವಾ

ಇದು ನಮ್ಮಂಥ ಗಡಿ ಕಡೆಯೋರಿಗೆ ಇರೋ ತಲೆನೋವು, ಅದಕ್ಕೆ ಬೇರೆಯಾಗಿ ಹೇಳ್ತೀನಿ. ಪಾತ್ರಗಳು ನಿಜ ಜೀವನದಲ್ಲಿ ಪೂರ್ತಿ ತೆಲುಗಲ್ಲೇ ಮಾತಾಡ್ತಾರೆ, ಕಥೆ ಕನ್ನಡದ್ದು, ಏನು ಮಾಡೋದು? ಕೆಲವರು ಪೂರ್ತಿ ಸಂಭಾಷಣೇನ ತೆಲುಗಲ್ಲಿ ಹಾಕಿ ಕಂಸದಲ್ಲಿ ಅರ್ಥ ಕೊಡ್ತಾರೆ, ಓದೋರು ಪ್ರತಿ ಸಾಲಲ್ಲೂ ಎಡವ್ತಾರೆ. ಇನ್ನು ಕೆಲವರು ಎಲ್ಲರ ಕೈಲೂ ಬೆಂಗಳೂರು ಕನ್ನಡ ಆಡಿಸ್ತಾರೆ, ಅದು ಇನ್ನೂ ಕೆಟ್ಟದ್ದು, ಆ ಮನುಷ್ಯರೇ ಹೊರಟುಹೋಗ್ತಾರೆ.

ನಾನು ಮಾಡೋದು ಹಿಂಗೆ. ನಿರೂಪಣೆ ಸರಳ ಕನ್ನಡ. ಮಾತು ನಮ್ಮ ಕಡೆ ಆಡುಕನ್ನಡ, ಅದರ ಲಯ ತೆಲುಗಿಂದೇ ಇರುತ್ತೆ, ಅದನ್ನ ತಿದ್ದಲ್ಲ. ಮನಸ್ಸು ತೀರಾ ಒಳಗೆ ತಾಗಿದ ಕಡೆ ಮಾತ್ರ ಒಂದು ತೆಲುಗು ಮಾತು. ನನ್ನ ಕಥೇಲಿ ಅತ್ತೆ ಮುದುಕಿ ಮೂಲೇಲಿ ಮಲಗಿರ್ತಾಳೆ, ಸೊಸೆ ಬರಿಗೈಲಿ ವಾಪಸ್ ಬಂದಾಗ "ಪೋನೀಲೇ" ಅಂತಾಳೆ, ಇಡೀ ಕಥೆಗೆ ಅದೊಂದೇ. ಸೊಸೆ ಕೈ ಖಾಲಿ, ಮುದುಕಿ ಗೋಡೆ ಕಡೆ ತಿರುಗಿ ಮಲಗ್ತಾಳೆ, ತೆಲುಗು ಬರ್ದೇ ಇರೋ ಧಾರವಾಡದೋರಿಗೂ ಆ ಮಾತು ಏನು ಅಂತ ಅಂದಾಜಾಗುತ್ತೆ. ಒಬ್ಬ ಧಾರವಾಡದ ಗೆಳೆಯನಿಗೆ ಓದಿಸಿ ನೋಡಿದೆ, ಅವನು ಅರ್ಥ ಕೇಳಲಿಲ್ಲ.

ದಖ್ಖನಿ ಉರ್ದು ಆಡೋ ರೀಲರ್ (ಗೂಡಿಂದ ರೇಷ್ಮೆ ನೂಲು ತೆಗೆಯೋರು) ಮನೆಗಳ ಕಥೆ ಬರೆಯೋರಿಗೂ ಇದೇ ದಾರಿ ಆಗುತ್ತೆ ಅನ್ಕೊಂಡಿದ್ದೀನಿ. ಶಿಡ್ಲಘಟ್ಟದಲ್ಲಿ ಅಂಥ ಮನೆಗಳು ಎಷ್ಟೊಂದಿವೆ, ಆ ಕಥೆಗಳು ಕನ್ನಡದಲ್ಲಿ ಇನ್ನೂ ಜಾಸ್ತಿ ಬರಬೇಕು, ಆ ಮನೆ ಹುಡುಗೀರೇ ಬರೀಬೇಕು ಅಂತ ನನಗೆ ತುಂಬಾ ಆಸೆ ಇದೆ.

ಕೊನೆ ಮತ್ತೆ ಮೊದಲು

ಹೊಸಬರ ಕಥೇಲಿ ಮೊದಲ ಪ್ಯಾರಾ ಮತ್ತೆ ಕೊನೇ ಪ್ಯಾರಾ ಎರಡೂ ಸಾಮಾನ್ಯವಾಗಿ ತೆಗೆದುಹಾಕಬಹುದು. ಮೊದಲ ಪ್ಯಾರಾದಲ್ಲಿ ಸೂರ್ಯ ಹುಟ್ತಾನೆ, ಕೊನೇದ್ರಲ್ಲಿ ನೀತಿ ಹುಟ್ಟುತ್ತೆ. ಕೈ ಅಡ್ಡ ಇಟ್ಟು ಓದಿ ನೋಡಿ, ಕಥೆ ಅರ್ಥ ಆಗುತ್ತೆ ಅಂದ್ರೆ ಅದು ಬೇಡ. ನನ್ನ ಮೊದಲ ಡ್ರಾಫ್ಟ್ ಕೊನೇಲಿ ಭಾವನೇ ಸೊಪ್ಪು ಹೊತ್ಕೊಂಡು ಬಂದು, ಎಷ್ಟಾದ್ರೂ ನಾವು ಒಂದೇ ರಕ್ತ ಅಂತ ಅತ್ತಿದ್ದ. ಐದನೇ ಸಲಕ್ಕೆ ಹಿಂಗಾಯ್ತು: ನಡುರಾತ್ರಿ ಸದ್ದು ನಿಲ್ಲುತ್ತೆ, ಮುನಿರತ್ನಮ್ಮ ಏಳ್ತಾಳೆ, ಬಾಗಿಲು ತೆಗೆದ್ರೆ ಜಗಲಿ ಮೇಲೆ ಸೊಪ್ಪಿನ ಹೊರೆ. ಹಗ್ಗ ಬಿಚ್ಚಿ ಹುಳಕ್ಕೆ ಹಾಕ್ತಾಳೆ. ಬೆಳಗ್ಗೆ ಆ ಹಗ್ಗಾನ ಮಗನ ಕೈಲಿ ಕಳಿಸೋದಾ, ತಾನೇ ಹೋಗಿ ಕೊಡೋದಾ ಅಂತ ಹಿಡ್ಕೊಂಡು ನಿಂತಿರ್ತಾಳೆ. ಅಲ್ಲಿಗೆ ಬಿಟ್ಟೆ.

ಓದಿ ಹೇಳೋಕೆ ಯಾರು

ಬರೆಯೋ ಗೆಳೆಯರಿಗಿಂತ ಮೊದಲು, ಬರೆಯದೇ ಇರೋ ಒಬ್ಬರಿಗೆ ಓದಿ ಹೇಳಿ, ಅಮ್ಮನಿಗೋ ಅಕ್ಕನಿಗೋ. ಹೆಂಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಾರೆ, ಮುಗೀತು. "ಎಲ್ಲಿ ಮನಸ್ಸು ಬೇರೆ ಕಡೆ ಹೋಯ್ತು? ಯಾರ ಮಾತು ಸುಳ್ಳು ಅನ್ಸಿತು?" ಅಂತ ಕೇಳಿ. ನಮ್ಮಮ್ಮ ಕಥೆ ಎಲ್ಲಾ ಕೇಳಿ ಒಂದೇ ಮಾತು ಅಂದಿದ್ದು, "ಸೊಪ್ಪು ಇಲ್ದಾಗ ಯಾರು ಕಣೋ ನಿದ್ದೆ ಮಾಡ್ತಾರೆ?" ಆಮೇಲೆ ಆ ರಾತ್ರಿನ ಮತ್ತೆ ಬರೆದೆ, ಇದ್ದಬದ್ದ ಸೊಪ್ಪನ್ನ ಹುಳಕ್ಕೆ ಹಾಕಿ ಹುಳದ ಮನೇಲೇ ಗೋಡೆಗೆ ಒರಗಿ ಕಣ್ಣು ಮುಚ್ಚೋ ಹಂಗೆ.

ಒಂದು ಎಚ್ಚರಿಕೆ ಹೇಳ್ಲೇಬೇಕು. ನಮ್ದು ಸಣ್ಣ ಊರುಗಳು, ಜನ ತಮ್ಮನ್ನ ಕಥೇಲಿ ಗುರುತು ಹಿಡೀತಾರೆ. ನನ್ನ ಹಳೇ ಕಥೆ ಒಂದರಲ್ಲಿ ಹತ್ತಿರದ ನೆಂಟರೊಬ್ಬರ ಮಾತು, ಅವರ ಮೂಗುಬೊಟ್ಟು, ಅವರ ಮನೆ ಜಗಳ ಎಲ್ಲಾ ಹಂಗಂಗೇ ಹಾಕಿದ್ದೆ, ಹೆಸರು ಮಾತ್ರ ಬದಲಾಯಿಸಿದ್ದೆ. ಅವರು ಎರಡು ವರ್ಷ ನಮ್ಮನೆ ಮೆಟ್ಟಿಲು ಹತ್ತಲಿಲ್ಲ, ತಪ್ಪು ನಂದೇ, ಹೋಗಿ ಕ್ಷಮೆ ಕೇಳಿದೆ. ಈಗ ಒಬ್ಬರ ಮಾತು, ಇನ್ನೊಬ್ಬರ ಕಷ್ಟ, ಮೂರನೆಯೋರ ಮನೆ, ಹಿಂಗೆ ಬೆರೆಸ್ತೀನಿ. ಬೆರೆಸಿದಾಗ ಪಾತ್ರಾನೂ ಗಟ್ಟಿ ಆಗುತ್ತೆ, ಯಾಕಂದ್ರೆ ನಡೆದದ್ದನ್ನ ನೆನಪು ಮಾಡ್ಕೊಳ್ಳೋದು ಬಿಟ್ಟು ಇವಳು ಏನು ಮಾಡ್ತಾಳೆ ಅಂತ ಯೋಚ್ನೆ ಮಾಡ್ತೀವಿ.

ಓದೋದು

ತಾಲೂಕು ಲೈಬ್ರರಿ ಮೆಂಬರ್‌ಶಿಪ್ ಮಾಡಿಸ್ಕೊಳ್ಳಿ. ಇಷ್ಟ ಆದ ಕಥೇನ ಮೂರು ಸಲ ಓದಿ, ಮೂರನೇ ಸಲ ಒಂದು ಪುಟ ಕೈಯಲ್ಲಿ ನಕಲು ಮಾಡಿ. ಎಲ್ಲಿ ಒಂದು ದಿನ ದಾಟಿಬಿಟ್ರು, ಎಲ್ಲಿ ಎರಡು ನಿಮಿಷಕ್ಕೆ ಒಂದು ಪುಟ ಕೊಟ್ರು ಅಂತ ಕೈಗೇ ಗೊತ್ತಾಗುತ್ತೆ. ನಕಲು ಮಾಡಿದ್ದನ್ನ ಆಮೇಲೆ ಹರಿದುಹಾಕಿ, ಅದು ನಿಮ್ದಲ್ಲ.

ಕಳಿಸೋದು

ಸುಧಾ, ತರಂಗ ವಾರಪತ್ರಿಕೆಗಳು, ಮಯೂರ ಮಾಸಪತ್ರಿಕೆ, ದಿನಪತ್ರಿಕೆಗಳ ಭಾನುವಾರದ ಪುರವಣಿ, ಎಲ್ಲಾ ಕಡೆ ಹೊಸಬರ ಕಥೆ ಬರುತ್ತೆ. ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆ ಇದೆ, ಪ್ರಕಟಣೆ ಬಂದಾಗ ಪದಮಿತಿ, ಕೊನೇ ದಿನ ಎಲ್ಲಾ ನೋಡ್ಕೊಂಡು ಕಳಿಸಿ. ಯುನಿಕೋಡಲ್ಲಿ ಟೈಪ್ ಮಾಡಿರಿ, ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಲ್ಲಿ ಮಾಡಿದ್ರೆ ಯುನಿಕೋಡಿಗೆ ಕನ್ವರ್ಟ್ ಮಾಡಿ ಒಂದ್ಸಲ ಓದಿ, ಒತ್ತಕ್ಷರ ಹಾಳಾಗಿರುತ್ತೆ. ಒಂದು ಕಥೇನ ಒಂದೇ ಸಲಕ್ಕೆ ಎರಡು ಕಡೆ ಕಳಿಸಬೇಡಿ. ಯಾವ ಕಥೆ, ಎಲ್ಲಿಗೆ, ಯಾವ ತಾರೀಕು ಅಂತ ನೋಟ್‌ಬುಕ್ ಹಿಂದೆ ಬರೆದಿಟ್ಕೊಳ್ಳಿ. ಮುಂದೆ ಒಂದು ಪುಸ್ತಕಕ್ಕಾಗುವಷ್ಟು ಕಥೆ ಆದಾಗ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತೆ, ಅರ್ಜಿ ಕರೆದಾಗ ಹಾಕಿ.

ವಾಪಸ್ ಬಂದ್ರೆ, ಇಲ್ಲ ಉತ್ತರಾನೇ ಬರ್ಲಿಲ್ಲ ಅಂದ್ರೆ, ಕಥೆ ತೆಗೆದು ಗಟ್ಟಿಯಾಗಿ ಓದಿ. ನಾಲಿಗೆ ಎಡವಿದ ಕಡೆ ತಿದ್ದಿ, ಬೇರೆ ಕಡೆ ಕಳಿಸಿ. ಸೊಪ್ಪಿನ ಕಥೆ ಎರಡು ಕಡೆಯಿಂದ ವಾಪಸ್ ಬಂದು ಮೂರನೇ ಕಡೆ ಅಚ್ಚಾಯ್ತು, ಆಮೇಲೆ ಊರಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಕೈಲಿ ಓದಿಸ್ಕೊಂಡು ನನ್ನ ತಡೆದು ಕೇಳಿದ್ದು, "ಹಗ್ಗ ಯಾರು ತಗೊಂಡೋದ್ರಪ್ಪ ಕೊನೆಗೆ?"